ಸಮೋಸಾದ ಮೇಲೆ ಹಾಕಿದ ತಪ್ಪು

ನನ್ನ ಬಾಯಿ ಈಗ ಎರಡು ಬೆರಳು ಹೋಗುವಷ್ಟು ತೆರೆಯುತ್ತದೆ. ಒಳ್ಳೆಯ ದಿನ ಎರಡೂವರೆ. ಆರೋಗ್ಯವಂತರ ಬಾಯಲ್ಲಿ ಮೂರು ಬೆರಳು ಒಂದರ ಮೇಲೊಂದು ನಿಲ್ಲಬೇಕಂತೆ. ಇದನ್ನು ಓದುತ್ತಲೇ ನೀವು ಬೆರಳನ್ನು ಬಾಯಿಗೆ ಒಯ್ದಿದ್ದೀರಿ ಎಂದು ನನಗೆ ಗೊತ್ತು. ಸಂಕೋಚ ಬೇಡ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಒಂದಲ್ಲ ಒಂದು ಸಲ ಕೆಮ್ಮುವವರ ಹಾಗೆ ಕೈ ಅಡ್ಡ ಹಿಡಿದು, ಗುಟ್ಟಾಗಿ ಬಾಯಿ ಅಳೆದುಕೊಳ್ಳುವುದನ್ನು ನೋಡಿದ್ದೇನೆ. ಅಂಥ ಒಬ್ಬರ ಕೈಗಾದರೂ ಈ ಬರಹ ಸಿಗಲಿ ಎಂಬುದು ಆಸೆ. ಧೈರ್ಯ ತುಂಬುವುದು ನನ್ನಿಂದಾಗದು. ಹೆದರುವಾಗ ಜೊತೆಗೆ ಕೂರಬಲ್ಲೆ, ಅದರಲ್ಲಿ ನನಗೆ ಅನುಭವ ಜಾಸ್ತಿ.

ನಾನು ವಿಕ್ರೋಳಿಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುವವನು. ವಯಸ್ಸು ಐವತ್ತೊಂದು. ಮನೆಯಲ್ಲಿ ಹೆಂಡತಿ ಶೋಭಾ, ಬಾಂದ್ರಾದ ಆಫೀಸಿಗೆ ಹೋಗಿ ಬರುವ ಮಗಳು ಸಹನಾ, ಮತ್ತು ಅವ್ವ. ಅಪ್ಪ ತೀರಿಕೊಂಡ ಮೇಲೆ ಧಾರವಾಡದಿಂದ ಬಂದ ಅವ್ವ ಇಪ್ಪತ್ತು ವರ್ಷದಿಂದ ನಮ್ಮ ಜೊತೆಗೇ ಇದ್ದಾಳೆ. ಸಂಬಳ ಬರುವುದು ಸ್ಟೋರ್ಸಿನಿಂದಾದರೂ ನಾನು ದಿನವಿಡೀ ಮಾಡುವ ಕೆಲಸ ಚಿಂತೆ. ಎಡಗೈ ಜೋಮು ಹಿಡಿದರೆ ಹೃದಯ, ಬಲಗೈ ಜೋಮು ಹಿಡಿದರೆ ಮೆದುಳು, ಎರಡೂ ಹಿಡಿಯದಿದ್ದರೆ ನರ ಸತ್ತಿರಬಹುದು. ಶೋಭಾ ಒಮ್ಮೆ ಅಂದಿದ್ದಳು, "ನಿಮಗ ರೋಗ ಬಂದ್ರ ಅದಕ್ಕ ಕುಂದ್ರಾಕ ಜಾಗಾ ಎಲ್ಲೈತ್ರಿ? ಎಲ್ಲಾ ಕಡೆ ನಿಮ್ಮ ಚಿಂತೀನ ಕುಂತೈತಿ."

ಎಲ್ಲ ಚಿಂತೆಗಳ ನಟ್ಟನಡುವೆ ಸಮೋಸಾ ಇತ್ತು. ಸಂಜೆ ನಾಲ್ಕಕ್ಕೆ ನನ್ನ ಸಹೋದ್ಯೋಗಿ ಸಾವಂತ ಕಾರ್ಖಾನೆಯ ಗೇಟಿನ ಎದುರಿನ ಅಂಗಡಿಯಿಂದ ಬಿಸಿ ಸಮೋಸಾ ತರುತ್ತಿದ್ದ. ಪೊಟ್ಟಣ ಬಿಚ್ಚುವ ಮೊದಲೇ ಸ್ಟೋರ್ಸಿನ ಗ್ರೀಸು, ರಬ್ಬರಿನ ವಾಸನೆಯೆಲ್ಲ ಸೋತು ಕೂರುತ್ತಿತ್ತು. ಸಮೋಸಾದ ಒಂದು ಮೂಲೆಯಲ್ಲಿ ಹಿಟ್ಟು ಮಡಿಕೆ ಬಿದ್ದು ದಪ್ಪಗಿರುತ್ತದೆ, ಅಲ್ಲಿ ಬಿಸ್ಕೀಟಿನ ಹಾಗೆ ಗಟ್ಟಿಯಾಗಿ ಬೆಂದಿರುತ್ತದೆ. ಮೊದಲು ಅದನ್ನೇ ಕಚ್ಚಬೇಕು. ಆ ತೂತಿನಿಂದ ಹಬೆ ಏಳುತ್ತದೆ, ಜೀರಿಗೆ, ಹಸಿಮೆಣಸು, ಒಣಮಾವಿನ ಪುಡಿಯ ಹುಳಿ. ಒಂದು ಕ್ಷಣ ಬಾಯಿ ತೆರೆದೇ ಹಿಡಿದು ಹಾ ಹಾ ಎಂದು ಆರಿಸಿಕೊಂಡು, ಆಮೇಲೆ ಉಳಿದದ್ದಕ್ಕೆ ಕೈ ಹಾಕಬೇಕು.

ನಾನು ತಿನ್ನುತ್ತಲೇ ಅದರ ದೋಷಪಟ್ಟಿ ಓದುತ್ತಿದ್ದೆ. ಮೈದಾದ ಚೀಲಕ್ಕೆ ಬಟಾಟೆ ತುಂಬಿ, ಎಷ್ಟನೇ ಸಲ ಕಾಯಿಸಿದ್ದೋ ಗೊತ್ತಿಲ್ಲದ ಎಣ್ಣೆಯಲ್ಲಿ ಮುಳುಗಿಸಿದ್ದು. ಒಳಗೂ ಪಿಷ್ಟ, ಹೊರಗೂ ಪಿಷ್ಟ, ಸುತ್ತ ಕೊಬ್ಬು. ಅಲ್ಲಲ್ಲಿ ಸಿಗುವ ನಾಲ್ಕು ಬಟಾಣಿಯನ್ನು ಪ್ರೋಟೀನ್ ಎಂದು ಎಣಿಸಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸಮೋಸಾವನ್ನು ಸಾಮಾನು ಬೇಡಿಕೆಯ ಎರಡು ಹಳೆಯ ಇಂಡೆಂಟ್ ಹಾಳೆಗಳ ನಡುವೆ ಒತ್ತಿ ಎಣ್ಣೆ ತೆಗೆಯುತ್ತಿದ್ದೆ. ಆಮೇಲೆ ಹಾಳೆಯ ಮಸಿಯಲ್ಲಿ ವಿಷ ಇರಬಹುದು ಎನ್ನಿಸಿ ಮನೆಯಿಂದ ಟಿಶ್ಯೂ ಒಯ್ಯತೊಡಗಿದೆ. ಸಾವಂತ ತಿಂದು, ಕೈ ಪ್ಯಾಂಟಿಗೆ ಒರೆಸಿಕೊಂಡು ಹೋಗುತ್ತಿದ್ದ. ಅವನ ಬಗ್ಗೆ ನನಗೆ ಕನಿಕರವಿತ್ತು.

ಒತ್ತಿ ತೆಗೆದ ಮೇಲೂ ಉಳಿಯುವ ಎಣ್ಣೆಗೆ ನನ್ನ ಜೇಬಿನಲ್ಲಿ ಔಷಧಿ ಇತ್ತು. ಅವ್ವ ಮಾಡುವ ಅಡಿಕೆ. ಒಳ್ಳೆಯ ಅಡಿಕೆ ಆರಿಸಿ, ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ತುಪ್ಪದಲ್ಲಿ ಹುರಿದು, ಲವಂಗ, ಯಾಲಕ್ಕಿ, ಬಡೇಸೋಪು ಬೆರೆಸಿದ್ದು. ಕರಿದದ್ದು ತಿಂದ ಮೇಲೆ ಅಡಿಕೆ ಹಾಕಿಕೊಳ್ಳುವುದು ನಮ್ಮ ಮನೆಯ ಕ್ರಮ. ದೀಪಾವಳಿಯ ಕರ್ಜಿಕಾಯಿ ತಿಂದು ಮುಗಿಸಿದ ಎಲ್ಲರ ಅಂಗೈಗೂ ಅವ್ವ ಒಂದೊಂದು ಚಿಟಿಕೆ ಹಾಕುತ್ತಿದ್ದಳು. "ಹಾಕ್ಕೋ, ಎಣ್ಣಿ ಇಳಸತೈತಿ. ಹೊಟ್ಟಿ ಹಗುರ ಆಗತೈತಿ." ಹೀಗಾಗಿ ನನ್ನ ಲೆಕ್ಕ ಸರಳವಾಗಿತ್ತು. ಒಂದು ಸಮೋಸಾಕ್ಕೆ ಒಂದು ಚಿಟಿಕೆ. ಎರಡಕ್ಕೆ ಎರಡು. ಸಮೋಸಾ ತಿನ್ನದ ದಿನವೂ, ಹಿಂದಿನ ದಿನದ್ದು ಇಳಿದಿರಲಿಕ್ಕಿಲ್ಲ ಎಂದು ಇನ್ನೊಂದು. ಹೀಗೆ ಸುಮಾರು ಇಪ್ಪತ್ತು ವರ್ಷ. ಔಷಧಿಯ ಚುರುಕು ಕಡಿಮೆಯಾಗಬಾರದೆಂದು ಅಡಿಕೆಯನ್ನು ಕೆನ್ನೆಯೊಳಗೆ, ಎಡಗಡೆ, ಒತ್ತಿಟ್ಟುಕೊಂಡು ರಸ ನುಂಗುತ್ತಿದ್ದೆ.

ಮೊದಲು ಖಾರ ಹೆಚ್ಚಾಯಿತು. ಸಮೋಸಾ ಬಾಯಿಗಿಟ್ಟರೆ ಒಳಗೆಲ್ಲ ಉರಿ. ಒಂದು ದಿನ ಅಂಗಡಿಗೇ ಹೋಗಿ ಜಗಳವಾಡಿದೆ. ಅಂಗಡಿಯವನು ಉತ್ತರಪ್ರದೇಶದವನು, ಶಾಂತ ಮನುಷ್ಯ. "ಸಾಹೇಬ್, ಹದಿನೈದು ವರ್ಷದಿಂದ ಅದೇ ಮಸಾಲಾ," ಅಂದ. ನಾನು ನಂಬಲಿಲ್ಲ. ಸಾವಂತನನ್ನು ಸಾಕ್ಷಿಗೆ ಕರೆದೆ. ಅವನು ಇನ್ನೊಂದು ಸಮೋಸಾ ತಿಂದು, ಖಾರವೇ ಇಲ್ಲ ಎಂದು ತೀರ್ಪು ಕೊಟ್ಟ.

ಆಮೇಲೆ ಸಮೋಸಾ ದೊಡ್ಡದಾಯಿತು, ಅಥವಾ ಹಾಗೆ ನನಗನ್ನಿಸಿತು. ಆ ದಪ್ಪ ಮೂಲೆ ಬಾಯಿಗೆ ಹಿಡಿಸದೆ ಮುರಿದು, ಚೂರು ಮಾಡಿ ತಿನ್ನತೊಡಗಿದೆ. ಮನೆಯಲ್ಲಿ ರೊಟ್ಟಿಯನ್ನೂ ಹಾಗೆಯೇ. ಶೋಭಾ ಮೆಚ್ಚಿಕೊಂಡಳು. "ಈಗ ನೋಡ್ರಿ, ಮನಶ್ಯಾರಗತೆ ತಿನ್ನಾಕತ್ತೀರಿ." ಅವಳ ಹೊಗಳಿಕೆ ವರ್ಷಕ್ಕೊಮ್ಮೆ ಬರುವಂಥದ್ದು. ನಾನು ಅದನ್ನು ಕಳೆದುಕೊಳ್ಳಲು ಇಷ್ಟಪಡಲಿಲ್ಲ. ಹೃದಯ, ಯಕೃತ್ತು, ಮೂತ್ರಪಿಂಡ ಎಲ್ಲದರ ಪರೀಕ್ಷೆ ಮಾಡಿಸಿಕೊಂಡಿದ್ದ ನನಗೆ ಬಾಯಿಯೂ ಒಂದು ಅಂಗ ಎಂಬುದು ಹೊಳೆದಿರಲಿಲ್ಲ. ಅದು ತಿನ್ನುವುದಕ್ಕೆ, ಕೊರಗುವುದಕ್ಕೆ ಇರುವ ದಾರಿ ಅಷ್ಟೆ.

ಕೊನೆಗೆ ಹಲ್ಲುನೋವೆಂದು ಸ್ಟೇಷನ್ ಹತ್ತಿರದ ದಂತವೈದ್ಯೆಯ ಬಳಿ ಹೋದೆ. ಉಡುಪಿ ಕಡೆಯವರು, ನನಗಿಂತ ಚಿಕ್ಕವರು.

"ಬಾಯಿ ದೊಡ್ಡದು ಮಾಡಿ ನೋಡುವ," ಅಂದರು.

"ಮಾಡೇನಲ್ರಿ."

"ಇದು ದೊಡ್ಡದಾ?" ಅವರು ಬೆರಳು ಇಟ್ಟು ನೋಡಿದರು. ಕನ್ನಡಿಯಿಂದ ಕೆನ್ನೆಯ ಒಳಭಾಗ ತಟ್ಟಿದರು. ಹಲಗೆಯನ್ನು ತಟ್ಟಿದ ಹಾಗೆ ನನಗೇ ಕೇಳಿಸಿತು. "ತಂಬಾಕು ಉಂಟಾ?"

"ಇಲ್ಲ," ಅಂದೆ, ಎದೆಯುಬ್ಬಿಸಿ.

"ಗುಟ್ಕಾ?"

"ಛೆ, ನಮ್ಮ ಮನೆತನದಾಗ ಯಾರಿಗೂ ಚಟ ಇಲ್ರಿ."

"ಅಡಿಕೆ?"

"ಅದು ಚಟ ಅಲ್ಲಲ್ರಿ. ಮನಿಯಾಗ ಮಾಡಿದ್ದು. ನಮ್ಮ ಅವ್ವ ಮಾಡ್ತಾಳ. ಕರದದ್ದು ತಿಂದಮ್ಯಾಲ, ಜೀರ್ಣಕ್ಕ."

ಅವರು ಕನ್ನಡಿಯನ್ನು ತಟ್ಟೆಗಿಟ್ಟರು. ಆ ಸಣ್ಣ ಸದ್ದು ನನಗೆ ಇನ್ನೂ ನೆನಪಿದೆ. ಅಡಿಕೆ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಯಾವ ಕೆನ್ನೆಯಲ್ಲಿ ಎಂದು ಕೇಳಿದರು. ಬಾಯೊಳಗಿನ ಚರ್ಮ ಅಡಿಕೆಯಿಂದಲೇ ಬಿಗಿದು ಹೋಗಿದೆ, ಎಡಗೆನ್ನೆಯಲ್ಲಿ ಒಂದು ಗಾಯದಂಥದ್ದಿದೆ, ಅದು ತಮಗೆ ಸರಿ ಕಾಣುತ್ತಿಲ್ಲ ಅಂದರು. ನಾನು ಕೇಳಿದ್ದು, ಈಗಲೂ ನಾಚಿಕೆಯಾಗುತ್ತದೆ, "ಸಮೋಸಾ ತಿನ್ನಬಹುದೇನ್ರಿ?"

"ಸಮೋಸಾ ಏನೂ ಮಾಡಲಿಲ್ಲ ಮಾರಾಯ್ರೇ," ಅಂದರು.

ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಬೆಂಚುಗಳ ಬಗ್ಗೆ ಹೇಳಬೇಕು. ಬೆಳಿಗ್ಗೆ ಆರೂವರೆಗೆ ಹೋಗಿ ಕೂತರೂ ಮುಂದೆ ಅರವತ್ತು ಜನ. ಮುಖಕ್ಕೆ ಟವೆಲ್ ಸುತ್ತಿಕೊಂಡವರು, ಮೂಗಿನಿಂದ ನಳಿಗೆ ಇಳಿಬಿಟ್ಟುಕೊಂಡವರು, ಸ್ಲೇಟಿನಲ್ಲಿ ಬರೆದು ಹೆಂಡತಿಯ ಜೊತೆ ಜಗಳವಾಡುವವರು. ಎಲ್ಲರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದ್ದವರು ನನ್ನ ಹಾಗೆ ನೋಡಲು ಚೆನ್ನಾಗಿದ್ದವರು. ಅವರ ಫೈಲು ಇನ್ನೂ ತೆಳ್ಳಗಿರುತ್ತಿತ್ತು, ಆಗಬೇಕಾದದ್ದೆಲ್ಲ ಮುಂದಿತ್ತು. ನನ್ನ ಕೆನ್ನೆಯ ಗಾಯದಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಎಂಟು ದಿನ ಕಾಯಬೇಕಾಯಿತು. ಜೀವನದಲ್ಲಿ ಮೊದಲ ಸಲ ನನಗೆ ಚಿಂತೆ ಮಾಡಲಾಗಲಿಲ್ಲ. ಅಷ್ಟು ವರ್ಷ ಅಭ್ಯಾಸ ಮಾಡಿದ್ದು ಪರೀಕ್ಷೆಯ ದಿನ ಮರೆತು ಹೋದ ಹಾಗಾಯಿತು.

ಕ್ಯಾನ್ಸರ್ ಎಂದು ಡಾಕ್ಟರ್ ಹೇಳಿದಾಗ ಶೋಭಾ ಪಕ್ಕದಲ್ಲೇ ಇದ್ದಳು. ಅವಳು ಅಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು, ನನ್ನ ಅಂಗಿಯ ಜೇಬಿಗೆ ಕೈ ಹಾಕಿ, ಅಡಿಕೆಯ ಡಬ್ಬಿ ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು. ಮನೆಗೆ ಬರುವ ದಾರಿಯಲ್ಲಿ ಲೋಕಲ್ ರೈಲಿನಲ್ಲಿ ನಿಂತೇ ನಾವು ಒಂದು ನಿರ್ಧಾರ ಮಾಡಿದೆವು.

"ಅತ್ತೆಗೆ ಏನ್ ಹೇಳೋಣ್ರಿ?"

"ರೋಗ ಹೇಳೋಣು. ಕಾರಣ ಬ್ಯಾಡ."

"ಕೇಳ್ತಾರ."

"ಕೇಳಿದ್ರ ಸಮೋಸಾ ಅನ್ನೋಣು."

ಅವ್ವ ಕೇಳಿದಳು. ಮೊದಲು ಕೇಳಿದ್ದೇ ಅದನ್ನು. "ಯಾತಕ್ಕ ಬಂತಂತಪಾ ಇದು?" ನಾನು ಅವಳ ಮುಖ ನೋಡದೆ, "ಹೊರಗಿಂದು ಎಣ್ಣಿ ತಿಂದದ್ದಕ್ಕ ಅಂತವ್ವಾ," ಅಂದೆ. ಸಹನಾಗೂ ಅದನ್ನೇ ಹೇಳಿದೆವು. ಅವಳಿಗೆ ನಿಜ ಗೊತ್ತಾದರೆ ಅದು ಒಂದು ಗಂಟೆಯಲ್ಲಿ ಅವ್ವನ ಕಿವಿಗೆ ಬೀಳುತ್ತದೆ ಎಂಬ ಹೆದರಿಕೆ. ನಮಗೆ ಅದು ದೊಡ್ಡ ಸುಳ್ಳೆನಿಸಲಿಲ್ಲ. ಸಮೋಸಾದ ಮೇಲೆ ಎಷ್ಟೋ ವರ್ಷದಿಂದ ನಾನೇ ಕೇಸು ಹಾಕುತ್ತ ಬಂದಿದ್ದೆ. ಶಿಕ್ಷೆಯೊಂದೇ ಬಾಕಿ ಇತ್ತು.

ಗಣಪತಿ ಹಬ್ಬ ಮುಗಿದ ವಾರ ಆಪರೇಷನ್ ಆಯಿತು. ಎಡಗೆನ್ನೆಯ ಒಳಭಾಗ, ನಾಲ್ಕು ಹಲ್ಲು, ಕುತ್ತಿಗೆಯ ಗಂಟುಗಳನ್ನು ತೆಗೆದು, ಕೆನ್ನೆಯೊಳಗೆ ನನ್ನ ತೊಡೆಯ ತುಂಡನ್ನು ಕೂರಿಸಿದರು. ಎರಡು ತಿಂಗಳಲ್ಲಿ ಆ ತುಂಡಿನಲ್ಲಿ ಕೂದಲು ಬೆಳೆಯಿತು, ಬಾಯೊಳಗೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಗಾಬರಿಯಾಗಬೇಡಿ. ರೇಡಿಯೇಷನ್ ಅದನ್ನು ಉದುರಿಸಿತು, ಜೊತೆಗೆ ನನ್ನ ಅರ್ಧ ಗಡ್ಡವನ್ನೂ.

ಮೂರು ವಾರ ಮೂಗಿನ ನಳಿಗೆಯಿಂದ ಊಟ. ಬೇಳೆಯ ಕಟ್ಟು, ಹಾಲು, ಪ್ರೋಟೀನ್ ಪುಡಿ, ಎಲ್ಲ ತೂಕ ಮಾಡಿ ಅಳೆದದ್ದು. ಜೀವನದಲ್ಲಿ ಅಷ್ಟು ಪೌಷ್ಟಿಕವಾಗಿ ನಾನು ಉಂಡದ್ದೇ ಇಲ್ಲ. ರುಚಿ ನೋಡುವ ಗೊಡವೆಯೂ ಇರಲಿಲ್ಲ. ಆಹಾರತಜ್ಞೆ ಬಂದು ನನ್ನ ಚಾರ್ಟ್ ನೋಡಿ ತುಂಬ ಸಂತೋಷಪಟ್ಟರು. ಪಕ್ಕದ ಮಂಚದಲ್ಲಿ ಕಲ್ಯಾಣದ ಒಬ್ಬ ರಿಕ್ಷಾ ಚಾಲಕರಿದ್ದರು. ನನ್ನಂತೆಯೇ ನಳಿಗೆ. ಸಂಜೆ ನಾಲ್ಕಕ್ಕೆ ವಾರ್ಡಿನ ಸಿಬ್ಬಂದಿ ಎಲ್ಲಿಂದಲೋ ಬಿಸಿ ಸಮೋಸಾ ತಂದು ಬಾಗಿಲಾಚೆ ತಿನ್ನುತ್ತಿದ್ದರು. ವಾಸನೆ ಬಂದ ಕೂಡಲೇ ನಾವಿಬ್ಬರೂ ಪರಸ್ಪರ ನೋಡುತ್ತಿದ್ದೆವು. ಅವರು ಕಣ್ಣು ಮುಚ್ಚಿ, ಕೈಯಲ್ಲಿ ಒಂದನ್ನು ಹಿಡಿದ ಹಾಗೆ ಮಾಡಿ, ನಿಧಾನಕ್ಕೆ ಅಗಿಯುವ ನಟನೆ ಮಾಡುತ್ತಿದ್ದರು. ಕೊನೆಗೆ ಬೆರಳು ನೆಕ್ಕುವುದನ್ನೂ ಬಿಡುತ್ತಿರಲಿಲ್ಲ. ನಗು ಬಂದರೆ ಹೊಲಿಗೆ ಎಳೆಯುತ್ತಿತ್ತು. ಆದರೂ ಆ ವಾರ್ಡಿನಲ್ಲಿ ದಿನಕ್ಕೊಮ್ಮೆ ನನಗೆ ಸಿಕ್ಕ ಒಳ್ಳೆಯ ಹೊತ್ತು ಅದು. ನಾನು ಮನೆಗೆ ಹೊರಡುವ ದಿನ ಅವರನ್ನು ಮತ್ತೆ ಆಪರೇಷನ್ನಿಗೆ ಕರೆದೊಯ್ದಿದ್ದರು. ಅವರ ಹೆಸರನ್ನು ಕೇಳಿಕೊಂಡಿರಲಿಲ್ಲ.

ಆರು ವಾರದ ರೇಡಿಯೇಷನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೀರು ಕುಡಿದರೂ ಗಾಜಿನ ಚೂರು ನುಂಗಿದ ಹಾಗೆ. ಬಾಯಿ ಮತ್ತೆ ಬಿಗಿಯಬಾರದೆಂದು ಐಸ್‌ಕ್ರೀಮಿನ ಕಡ್ಡಿಗಳ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟು, ದಿನಕ್ಕೊಂದು ಕಡ್ಡಿ ತುರುಕುವ ವ್ಯಾಯಾಮ. ಕಣ್ಣಲ್ಲಿ ನೀರು ಸುರಿಯುತ್ತಿರುವಾಗ ಶೋಭಾ ಎದುರು ಕೂತು, "ಇನ್ನೊಂದು ಹಿಡಿಸತೈತಿ ನೋಡ್ರಿ," ಎನ್ನುತ್ತಿದ್ದಳು, ಬಸ್ಸಿನ ಕಂಡಕ್ಟರನ ಹಾಗೆ.

ಇತ್ತ ಅವ್ವ ಯುದ್ಧ ಸಾರಿದ್ದಳು. ದೀಪಾವಳಿಗೆ ಮನೆಯಲ್ಲಿ ಬಾಣಲೆ ಏರಲಿಲ್ಲ. ಐವತ್ತು ವರ್ಷ ತಪ್ಪದೆ ಕರ್ಜಿಕಾಯಿ ಮಾಡಿದವಳು ಆ ವರ್ಷ ದೇವರ ಮುಂದೆ ಬೆಲ್ಲ ಇಟ್ಟು ಕೈಮುಗಿದಳು. ಬಿಲ್ಡಿಂಗಿನ ಹೆಂಗಸರನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಮರಾಠಿಯಲ್ಲಿ ಸಮೋಸಾ, ಕಚೋರಿಗಳ ವಿರುದ್ಧ ಭಾಷಣ ಮಾಡುತ್ತಿದ್ದಳು. ಮೂರನೇ ಮಹಡಿಯ ಗುಜರಾತಿ ಕುಟುಂಬ ನಮ್ಮ ಬಾಗಿಲ ಮುಂದೆ ಹಾಯುವಾಗ ತಮ್ಮ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿತ್ತು. ನಾನೂ ಶೋಭಾಳೂ ಒಳಗೊಳಗೇ ನಕ್ಕೆವು. ಅವ್ವ ತನ್ನ ಅಡಿಕೆ ಹಾಕಿಕೊಳ್ಳುವುದನ್ನು ನೋಡಿಯೂ ಸುಮ್ಮನಿದ್ದೆವು. ಎಪ್ಪತ್ತಾರು ವರ್ಷದವಳಿಗೆ ಈಗ ಏನು ಹೇಳುವುದು ಎಂದು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಡೆದಾಡಲು ಹೊರಟವನು ಮೆಟ್ಟಿಲ ತಿರುವಿನಲ್ಲಿ ಸಹನಾಳನ್ನು ಕಂಡೆ. ಕಾಗದದಲ್ಲಿ ಸಮೋಸಾ ಇಟ್ಟುಕೊಂಡು, ಒಂದು ತುಣುಕಿಗೊಮ್ಮೆ ನೀರು ಕುಡಿಯುತ್ತಿದ್ದಳು.

"ಪಪ್ಪಾ, ಸಾರಿ. ಆಜಿಗೆ ಹೇಳ್ಬೇಡ, ಪ್ಲೀಸ್."

"ತಿನ್ನು, ಅದರಾಗೇನೈತಿ. ಅಷ್ಟ್ಯಾಕ ನೀರು ಕುಡ್ಯಾಕತ್ತಿ?"

"ಖಾರ, ಪಪ್ಪಾ. ಆಜ್‌ಕಲ್ ನನಗೆ ಎಲ್ಲಾ ತೀಖಾ ಲಗ್ತಾ ಹೈ."

ಖಾರ ಹೆಚ್ಚಾಯಿತೆಂದು ಅಂಗಡಿಯವನ ಜೊತೆ ನಾನಾಡಿದ ಜಗಳ ನೆನಪಾಯಿತು. ಅವಳು ಕಾಗದ ಮುದ್ದೆ ಮಾಡಿ ಬ್ಯಾಗಿಗೆ ಹಾಕಿ, ಅದೇ ಬ್ಯಾಗಿನಿಂದ ಸ್ಟೀಲಿನ ಸಣ್ಣ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಅಡಿಕೆ.

"ಇದು ಯಾರು ಕೊಟ್ರು?"

"ಆಜಿ. ಪ್ರತಿ ವೀಕ್ ತುಂಬಿಸಿ ಕೊಡ್ತಾರೆ. ಹೊರಗಡೆ ತಿಂದ್ರೆ ಇದು ಹಾಕ್ಕೊ, ಪಪ್ಪಾ ಥರ ಆಗಲ್ಲ ಅಂದ್ರು."

ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡೆ. ಬಾಯಿ ತೆರಿ ಎಂದು ಅಲ್ಲೇ, ಮೆಟ್ಟಿಲ ಮೇಲೆ, ಮೊಬೈಲಿನ ಬೆಳಕು ಹಿಡಿದೆ. ನನಗೆ ಏನು ಗೊತ್ತಾಗುತ್ತದೆ? ಇಪ್ಪತ್ಮೂರು ವರ್ಷದ ಹುಡುಗಿಯ ಬಾಯಿ ಹೇಗಿರಬೇಕು ಎಂದು ನಾನು ಯಾವತ್ತು ನೋಡಿದ್ದೆ?

ಮನೆಯೊಳಗೆ ಅವ್ವ ಕಿಟಕಿಯ ಪಕ್ಕ ಕೂತು ಅಡಿಕೆ ಕತ್ತರಿಸುತ್ತಿದ್ದಳು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. ನನ್ನ ಮಾತು ಈಗ ತೊದಲು. ಅವಸರವಾದರೆ ಯಾರಿಗೂ ತಿಳಿಯುವುದಿಲ್ಲ. ನಿಧಾನವಾಗಿ ಹೇಳಿದೆ.

"ಅವ್ವಾ, ಸಮೋಸಾದಿಂದ ಬಂದಿಲ್ಲ ಇದು."

"ಮತ್ತ ಯಾತರದು?"

ನಾನು ಅವಳ ಮಡಿಲಿನ ತಟ್ಟೆಯನ್ನು ನೋಡಿದೆ. ಅವಳೂ ನೋಡಿದಳು. ಅಡಕತ್ತರಿಯ ಬಾಯಲ್ಲಿ ಅರ್ಧ ಅಡಿಕೆ ಹಾಗೇ ನಿಂತಿತ್ತು.

"ಯಾರಂದ್ರು?"

"ಡಾಕ್ಟರು."

"ಯಾವಾಗ?"

"ಮೊದಲನೇ ದಿವಸಾನ."

ಅವಳು ಅಡಕತ್ತರಿಯನ್ನು ತಟ್ಟೆಗಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅದಕ್ಕೆ ನಾನು ಸಿದ್ಧನಾಗಿದ್ದೆ. ಸಮಾಧಾನದ ಮಾತುಗಳನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಅವಳು ಅಂದದ್ದು ಬೇರೆಯೇ.

"ಮೊದಲನೇ ದಿವಸದಿಂದ ನಿನಗ ಗೊತ್ತಿತ್ತು. ಆವತ್ತಿಂದ ಇವತ್ತಿನ ತನಕಾ ಆ ಹುಡುಗಿಗೆ ನಾ ನನ್ನ ಕೈಯಾರ ಕೊಟ್ಟೇನಿ. ನನ್ನ ಮನಸ್ಸು ಕಾಯಾಕ ಹೋಗಿ ಆಕಿ ಬಾಯಿ ಕೊಟ್ಟಿಯಲ್ಲೋ."

ಜಗತ್ತಿನ ಎಲ್ಲದಕ್ಕೂ ಹೆದರಿದವನು ನಾನು, ನನ್ನ ಸ್ವಂತ ಮಾತಿಗೆ ಮಾತ್ರ ಹೆದರಿರಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಮನೆಯವರ ಮನಸ್ಸು ನೋಯಬಾರದೆಂದು ಕಾರಣವನ್ನು ಮುಚ್ಚಿಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ಬೇಡ.

ಮರುದಿನವೇ ಸ್ಟೇಷನ್ ಹತ್ತಿರದ ಆ ದಂತವೈದ್ಯೆಯ ಬಳಿಗೆ ಹೋದೆವು, ಸಹನಾ, ನಾನು. ಅವ್ವ ಕರೆಯದೆಯೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಸಹನಾಳ ಬಾಯನ್ನು ಡಾಕ್ಟರ್ ಬಹಳ ಹೊತ್ತು ನೋಡಿದರು. ಒಳಗೆ ಸ್ವಲ್ಪ ಬಿಳಿಚಿದೆ, ಬಿಗಿತ ಇನ್ನೂ ಬಂದಿಲ್ಲ, ಇವತ್ತಿನಿಂದಲೇ ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಅಂದರು. ಹೆದರಬೇಕಾ ಎಂದು ಕೇಳಿದೆ. "ಹೆದರುವುದು ಬೇಡ, ಮರೆಯುವುದೂ ಬೇಡ," ಅಂದರು. ಸಹನಾ ನನ್ನನ್ನು ನೋಡಲಿಲ್ಲ. ಅವಳು ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಎರಡು ವಾರದ ನಂತರ.

ಅಲ್ಲಿ ಸಹನಾ ಕುರ್ಚಿಯಿಂದ ಇಳಿದ ಕೂಡಲೇ ಅವ್ವ ತಾನೇ ಎದ್ದು ಹೋಗಿ ಅದರಲ್ಲಿ ಒರಗಿದಳು.

"ನಂದೂ ನೋಡ್ರಿ."

ಡಾಕ್ಟರ್ ದೀಪ ಹತ್ತಿರ ಎಳೆದು, ಕೆನ್ನೆ, ನಾಲಗೆ, ಅಂಗುಳ ಎಲ್ಲ ನೋಡಿದರು. "ಏನೂ ಇಲ್ಲ ಅಮ್ಮ. ಹಲ್ಲು ಸವೆದಿದೆ ಅಷ್ಟೆ. ಬಾಯಿ ಚಂದ ಉಂಟು."

"ಸರಿಯಾಗಿ ನೋಡ್ರಿ. ನಾ ಅರವತ್ತು ವರ್ಷ ತಿಂದೇನಿ. ಅಂವ ನನ್ನ ಕೈಯಿಂದ ತಿಂದಾನ."

ಡಾಕ್ಟರ್ ಮತ್ತೊಮ್ಮೆ ನೋಡಿದರು. "ಎಲ್ಲರಿಗೂ ಆಗುವುದಿಲ್ಲ ಅಮ್ಮ. ನಿಮಗೆ ಏನೂ ಆಗಲಿಲ್ಲ."

"ಹಿಂದಿನ ಕಡೆ ನೋಡ್ರಿ. ಎಲ್ಲೆರ ಒಂದೀಟು ಇದ್ದ ಇರತೈತಿ."

ನಾನು ಅವಳ ಭುಜ ಮುಟ್ಟಿದೆ. ಅವಳು ಕೈ ಸರಿಸಿದಳು. ಡಾಕ್ಟರ್ ನನ್ನ ಮುಖ ನೋಡಿ, ಮೆಲ್ಲಗೆ ದೀಪ ಆರಿಸಿದರು. ಅವ್ವ ಬಾಯಿ ಮುಚ್ಚಲಿಲ್ಲ.